ಪೆನ್‌ಡ್ರೈವ್ ಕಿತ್ರೂ ಮದುವೆ ವಿಡಿಯೋ ಹಾಳಾಗ್ದೇ ಇರೋ ಹಾಗೆ ಮಾಡಿದ್ದು

ತುಮಕೂರು ಬಿ.ಎಚ್. ರೋಡಲ್ಲಿ ನಮ್ದು ಮದುವೆ ವಿಡಿಯೋ ಕೆಲಸ, ಕಸ್ಟಮರ್ ಕಾಪಿ ಎಲ್ಲ ಒಂದು ಹಳೇ ಲಿನಕ್ಸ್ ಮೆಷಿನ್ನಲ್ಲೇ. ಕಾಪಿ ನೂರು ಪರ್ಸೆಂಟ್ ಅಂದ ತಕ್ಷಣ ಹುಡುಗ್ರು ಕಿತ್ತು ಕವರಿಗೆ ಹಾಕ್ತಾರೆ, ಆಮೇಲೆ ಗುಬ್ಬಿಯಿಂದ ಫೋನು, "ಅಣ್ಣಾ, ಮುಹೂರ್ತದ ಕ್ಲಿಪ್ಪೇ ಓಪನ್ ಆಗ್ತಿಲ್ಲ". ಪೆನ್‌ಡ್ರೈವು, ಪೆಟ್ರೋಲು ಸೇರಿ ಒಂದ್ ಸೀಸನ್ನಿಗೆ ಏಳೆಂಟು ಸಾವಿರ ಹೋಗ್ತಿತ್ತು. "ವಿಂಡೋಸ್ ಹಾಕ್ಬಿಡು ಗುರು, ಕ್ವಿಕ್ ರಿಮೂವಲ್ ಇದೆಯಲ್ಲ" ಅಂತ ಎಲ್ರದ್ದೂ ಒಂದೇ ರಾಗ (ಅಂದ್ರೆ ಬರೆಯೋದನ್ನ ಬಾಕಿ ಇಟ್ಕೊಳ್ಳದೇ ನೇರ ಡ್ರೈವಿಗೆ ಹಾಕೋ ಸೆಟ್ಟಿಂಗ್). ವಿಂಡೋಸ್ 10ರ 1809 ವರ್ಷನ್ನಿಂದ ಅದು ಡೀಫಾಲ್ಟ್, ನಿಜ, ಆದ್ರೆ ಮಧ್ಯದಲ್ಲಿ ಕಿತ್ರೆ ಅಲ್ಲೂ ಫೈಲ್ ಅರ್ಧಾನೇ.

ಲಿನಕ್ಸಲ್ಲಿ ಡರ್ಟಿ ರೇಶಿಯೋ (ಡ್ರೈವಿಗೆ ಇಳಿಯೋ ಮುಂಚೆ ಎಷ್ಟು ಪರ್ಸೆಂಟ್ ಮೆಮೊರಿಯಲ್ಲಿ ಡೇಟಾ ಕೂರಬಹುದು ಅನ್ನೋ ಸೆಟ್ಟಿಂಗ್) 20ರಲ್ಲೇ ಬಿಟ್ರೆ 16 ಜಿಬಿ ಮೆಷಿನ್ನಲ್ಲಿ 2-3 ಜಿಬಿ ರ‍್ಯಾಮಲ್ಲೇ ಕೂತಿರುತ್ತೆ, ಅಗ್ಗದ ಡ್ರೈವಿಗೆ ಅದು ಇಳಿಯೋಕೆ ಐದು ನಿಮಿಷ. ಅಷ್ಟ್ರಲ್ಲಿ ಕಿತ್ರೂ ಸಿಪಿ (ಕಾಪಿ ಕಮಾಂಡ್) ಆಗ್ಲೇ ಸೊನ್ನೆ, ಅಂದ್ರೆ ಎರರ್ ಇಲ್ಲ ಅಂತ ಕೊಟ್ಟು ಮುಗ್ಸಿರುತ್ತೆ, ಎರರ್ ಸಿಗೋದು ಎಫ್‌ಸಿಂಕ್ (ಡೇಟಾ ಡ್ರೈವಿಗೆ ಇಳಿಯೋವರೆಗೂ ಕಾಯೋ ಕರೆ) ಕರೆದ್ರೆ ಮಾತ್ರ. ಮೊದ್ಲು ಸಿಂಕ್ ಮೌಂಟ್ (ಪ್ರತಿ ಬರಹಾನೂ ತಕ್ಷಣ ಡ್ರೈವಿಗೆ ಇಳಿಸೋ ರೀತಿ ಡ್ರೈವನ್ನ ಜೋಡಿಸೋದು) ನೋಡ್ದೆ, ಫ್ಯಾಟ್ ಟೇಬಲ್ಲನ್ನೇ (ಯಾವ ಫೈಲ್ ಡ್ರೈವಲ್ಲಿ ಎಲ್ಲಿದೆ ಅನ್ನೋ ಪಟ್ಟಿ) ಮತ್ತೆ ಮತ್ತೆ ಬರೆದು ಸ್ಪೀಡ್ ನೆಲಕಚ್ತು, ಒಂದೆರಡು ಡ್ರೈವೂ ಸತ್ವು.

ಈಗ ರೇಶಿಯೋ ಬದ್ಲು ಡರ್ಟಿ ಬೈಟ್ಸ್ 16 ಎಂಬಿ ಅಂತ ಮಿತಿ, ಹಾಗಾಗಿ ಕಾಪಿ ಬಾರ್ ಸುಳ್ಳು ಹೇಳಲ್ಲ (ಎಡಿಟಿಂಗ್ ಮೆಷಿನ್ನಿಗೆ ಇದು ಬೇಡ, ರೆಂಡರ್ ಎಳೆಯುತ್ತೆ). ಉಳಿದಿದ್ದು ಒಂದು ಸ್ಕ್ರಿಪ್ಟ್ ಮಾಡುತ್ತೆ: ಫೈಲ್ ಫೈಲಿಗೂ ಎಫ್‌ಸಿಂಕ್, ಆಮೇಲೆ ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿ ಚೆಕ್‌ಸಮ್ (ಕಾಪಿ ಅಸಲಿಗೆ ಸರಿಯಾಗಿ ಹೊಂದುತ್ತಾ ಅನ್ನೋ ಲೆಕ್ಕ), ಇಲ್ದಿದ್ರೆ ಡ್ರೈವ್ ಬಿಟ್ಟು ಮೆಮೊರಿಯ ಕ್ಯಾಶಿಂದಾನೇ ಓದಿ ಓಕೆ ಅಂದ್ಬಿಡುತ್ತೆ. ಕೊನೆಗೆ ಡ್ರೈವಿನ ಪವರ್ ಆಫ್, ಲೈಟ್ ಆರಿದ್ಮೇಲೆ ಕೀಳೋದು.

ನಿಜವಾದ ತಲೆನೋವು ಮಧ್ಯದಲ್ಲಿ ಕಿತ್ತಾಗ. ಹಳೇ ಮೌಂಟ್ ಎಸ್‌ಡಿಬಿನ (ಡ್ರೈವಿಗೆ ಲಿನಕ್ಸ್ ಕೊಟ್ಟ ಹೆಸರು) ಹಿಡ್ಕೊಂಡೇ ಇರುತ್ತೆ, ಅದೇ ಡ್ರೈವ್ ಮತ್ತೆ ಚುಚ್ಚಿದ್ರೆ ಎಸ್‌ಡಿಸಿ ಆಗಿ ಬರುತ್ತೆ. ಲೇಜಿ ಅನ್‌ಮೌಂಟ್ (ಹಳೇ ಮೌಂಟನ್ನ ಬಲವಂತವಾಗಿ ಬಿಡಿಸೋದು) ಹಾಕ್ದೆ, ಆಗ ಸ್ಕ್ರಿಪ್ಟ್ ನಿಲ್ಲದೇ ಡ್ರೈವ್ ಮೌಂಟ್ ಆಗ್ತಿದ್ದ ಖಾಲಿ ಫೋಲ್ಡರಿಗೇ ಕಾಪಿ ಹೊಡೀತಾ ಹೋಯ್ತು, ಅಂದ್ರೆ ನಮ್ಮದೇ ಎಸ್‌ಎಸ್‌ಡಿಗೆ, ಸುಮಾರು 40 ಜಿಬಿ ತುಂಬಿ ಮೆಷಿನ್ನೇ ಮಲಗ್ತು! ಮೌಂಟ್ ಮಾಡೋಕೆ ಮುಂಚೆ ಆ ಖಾಲಿ ಫೋಲ್ಡರಿಗೆ ಚಾಟ್ಟರ್ ಪ್ಲಸ್ ಐ (ಏನೂ ಬದಲಾಯಿಸೋಕಾಗದ ಹಾಗೆ ಬೀಗ ಹಾಕೋ ಕಮಾಂಡ್) ಹೊಡೆದಿಟ್ಟೆ, ಡ್ರೈವ್ ಹೋದ್ರೆ ಅಲ್ಲಿ ಒಂದಕ್ಷರಾನೂ ಬರೆಯೋಕಾಗಲ್ಲ, ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತೆ. ಇದನ್ನ ಇಲ್ಲಿ ಬೇರೆ ಯಾರೂ ಮಾಡಿದ್ದು ನಾನಂತೂ ನೋಡಿಲ್ಲ. ವಾಪಸ್ ಚುಚ್ಚಿದ್ರೆ ಸ್ಕ್ರಿಪ್ಟು ಯುಯುಐಡಿ (ಡ್ರೈವಿನ ಗುರುತಿನ ನಂಬರ್) ನೋಡಿ, ಎಫ್‌ಎಸ್‌ಸಿಕೆ (ಡ್ರೈವಿನ ದೋಷ ಸರಿಪಡಿಸೋ ಟೂಲ್) ಓಡ್ಸಿ, ಬಾಕಿ ಫೈಲಷ್ಟೇ ಹಾಕುತ್ತೆ. ಬಾಕಿ ಲೆಕ್ಕ ಎಲ್ಲಿ ಇಡ್ತೀನಿ ಅನ್ನೋದು ಅಂಗಡಿ ಗುಟ್ಟು.

ವಿಂಡೋಸ್ ಹಾಕು ಅಂದವರಲ್ಲೇ ಇಬ್ರು ಬಂದು ಸ್ಕ್ರಿಪ್ಟ್ ತಗೊಂಡು ಹೋದ್ರು. ಈ ಸೀಸನ್ ವಾಪಸ್ ಬಂದಿದ್ದು ಒಂದೋ ಎರಡೋ, ಅವೂ ಡುಪ್ಲಿಕೇಟ್ ಡ್ರೈವು, ಮೇಲೆ 64 ಜಿಬಿ ಅಂತಿದ್ರೆ ಒಳಗಿರೋದು 8. ಅದಕ್ಕೀಗ ಹೊಸ ಸ್ಟಾಕಿಗೆಲ್ಲ ಎಫ್3 (ಡ್ರೈವಿನ ನಿಜವಾದ ಸೈಜು ಪರೀಕ್ಷಿಸೋ ಟೂಲ್) ಓಡಿಸ್ತಿದೀನಿ, ಒಂದೊಂದಕ್ಕೆ ಎರಡು ಗಂಟೆ ಮೇಲೇ ಹಿಡಿಯುತ್ತೆ, ರಾತ್ರಿ ಹಾಕಿ ಮನೆಗೆ ಹೋಗ್ತೀನಿ.