ಪಿಡಿಎಫ್‌ನಲ್ಲಿರೋ ಕನ್ನಡನ ಹೊರಗೆ ತೆಗೆಯೋದು, ಮೊಬೈಲಲ್ಲೇ ತುಂಬೋ ಫಾರ್ಮ್ ಮಾಡೋದು ಹೇಗೆ?

ಹೋದ ತಿಂಗಳು ಮಳವಳ್ಳಿ ಕಡೆಯ ಒಬ್ಬ ಹುಡುಗ ಮಂಡ್ಯದ ನೂರಡಿ ರಸ್ತೆ ಹತ್ರ ಇರೋ ನಮ್ಮ ಡಿಟಿಪಿ ಅಂಗಡಿಗೆ ಬಂದಿದ್ದ. ಕೈಲಿ ಅವರೂರಿನ ಹಾಲಿನ ಸೊಸೈಟಿ ಬೈಲಾದ ಪ್ರಿಂಟು, 38 ಪುಟ. ಮೂರು ದಿನದಿಂದ ಇದನ್ನ ನೋಡ್ಕೊಂಡು ಟೈಪ್ ಮಾಡ್ತಾ ಇದೀನಣ್ಣ, ಇನ್ನೂ 14ನೇ ಪುಟ, ಕಣ್ಣೆಲ್ಲ ಉರೀತಾವೆ, ಉಳಿದಿದ್ದು ನೀವೇ ಮಾಡ್ಕೊಡಿ ಅಂದ. ಪ್ರಿಂಟ್ ಎಲ್ಲಿಂದ ತಂದೆಯಪ್ಪ ಅಂದ್ರೆ, ವಾಟ್ಸಾಪಲ್ಲಿ ಪಿಡಿಎಫ್ ಬಂದಿತ್ತು ಅದನ್ನೇ ಹಾಕ್ಸಿದೆ ಅಂತಾನೆ. ಅಂದ್ರೆ ಅಕ್ಷರ ಅಷ್ಟೂ ಅವನ ಜೇಬಲ್ಲೇ ಇದ್ವು! ಇಂಥದ್ದನ್ನ ನಾನು ವಾರಕ್ಕೊಂದಾದ್ರೂ ನೋಡ್ತೀನಿ, ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ, ಅದಕ್ಕೇ ಇದನ್ನ ಬರೀತಿರೋದು.

ಮೊದಲು ಒಂದು ವಿಷಯ ತಲೇಲಿ ಇಟ್ಕೊಳಿ. ಪಿಡಿಎಫ್ ಅನ್ನೋದು 1993ರಲ್ಲಿ ಅಡೋಬಿಯವರು ತಂದಿದ್ದು, ಯಾವ ಕಂಪ್ಯೂಟರಲ್ಲಿ ತೆರೆದ್ರೂ ಪುಟ ಒಂದೇ ತರ ಕಾಣ್ಬೇಕು ಅಂತ. ಹಾಗಾಗಿ ಅದರೊಳಗೆ ಇದು ಪ್ಯಾರಾ, ಇದು ಪದ ಅಂತ ಏನೂ ಸಾಮಾನ್ಯವಾಗಿ ಇರಲ್ಲ, ಈ ಆಕಾರನ ಪುಟದ ಈ ಜಾಗದಲ್ಲಿ ಬಿಡಿಸು ಅಂತ ಮಾತ್ರ ಇರುತ್ತೆ. ಇಂಗ್ಲಿಷಿಗೆ ಇದು ಅಷ್ಟಾಗಿ ತೊಂದ್ರೆ ಕೊಡಲ್ಲ, ಒಂದಕ್ಷರ ಒಂದು ಆಕಾರ. ನಮ್ಮ ಕನ್ನಡದಲ್ಲಿ ಒತ್ತು, ಗುಣಿತ, ಅರ್ಕಾವತ್ತು ಎಲ್ಲ ಸೇರ್ಕೊಂಡು ಆಕಾರ ಆಗೋದ್ರಿಂದ ಎಲ್ಲಾ ರಗಳೆ ಅಲ್ಲಿಂದಲೇ ಶುರು.

ಹಂತ 1: ಮೂರು ಸಾಲಿನ ಪರೀಕ್ಷೆ

ಪಿಡಿಎಫ್ ತೆರೆದು ಮೂರು ಸಾಲು ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡಲ್ಲಿ ಪೇಸ್ಟ್ ಮಾಡಿ. ಇಷ್ಟು ಮಾಡದೆ ಯಾವ ಸಾಫ್ಟ್‌ವೇರಿಗೂ ಕೈ ಹಾಕ್ಬೇಡಿ. ಸರಿಯಾಗಿ ಕನ್ನಡವೇ ಬಂತು ಅಂದ್ರೆ ನಿಮ್ಮ ಅದೃಷ್ಟ, ಪೂರ್ತಿ ಕಾಪಿ ಮಾಡ್ಕೊಂಡು ಹಂತ 3ಕ್ಕೆ ಹೋಗಿ.

ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೀಟು ಚುಕ್ಕಿ ಇರೋ ಅಕ್ಷರ ಎಲ್ಲ ಕಲಸಿ ಬಂತು ಅಂದ್ರೆ ಅದು ನುಡಿ ಅಥವಾ ಬರಹ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟು. ಏನೂ ಸೆಲೆಕ್ಟೇ ಆಗ್ಲಿಲ್ಲ ಅಂದ್ರೆ ಅದು ಸ್ಕ್ಯಾನ್, ಅಂದ್ರೆ ಬರೀ ಫೋಟೋ. ನಾಲ್ಕನೇದೊಂದಿದೆ, ಅದೇ ಅಪಾಯದ್ದು. ಕನ್ನಡ ಬಂದಂಗೇ ಕಾಣುತ್ತೆ, ಆದ್ರೆ ಗಮನ ಇಟ್ಟು ಓದಿದ್ರೆ ಒತ್ತುಗಳು ಮಾಯ ಆಗಿರ್ತಾವೆ. ಮಂಡ್ಯ ಹೋಗಿ ‘ಮಂಡ’ ಆಗಿರುತ್ತೆ, ಅಧ್ಯಕ್ಷರು ಹೋಗಿ ‘ಅಧಕರು’ ಆಗಿರ್ತಾರೆ. ಪಿಡಿಎಫ್ ಮಾಡುವಾಗ ಯಾವ ಆಕಾರ ಯಾವ ಅಕ್ಷರ ಅನ್ನೋ ಪಟ್ಟಿ ಅರ್ಧಂಬರ್ಧ ಒಳಗೆ ಸೇರಿರುತ್ತೆ, ಕಣ್ಣಿಗೆ ಒತ್ತು ಕಂಡ್ರೂ ಕಾಪಿಯಲ್ಲಿ ಬರಲ್ಲ. ಇಂಥದ್ದನ್ನ ಕೈಯಲ್ಲಿ ತಿದ್ತೀನಿ ಅಂತ ಕೂರಬೇಡಿ, ಸ್ಕ್ಯಾನ್ ಅಂತಲೇ ತಿಳ್ಕೊಂಡು ಓಸಿಆರ್‌ಗೆ, ಅಂದ್ರೆ ಚಿತ್ರದಲ್ಲಿರೋ ಅಕ್ಷರನ ಗುರುತು ಹಿಡಿದು ಟೈಪ್ ಮಾಡಿದಂಗೆ ಕೊಡೋ ಸಾಫ್ಟ್‌ವೇರಿಗೆ ಹಾಕಿ, ಅದೇ ಬೇಗ.

ಅನುಮಾನ ಇದ್ರೆ ಅಡೋಬಿ ರೀಡರಲ್ಲಿ ಫೈಲ್, ಪ್ರಾಪರ್ಟೀಸ್, ಫಾಂಟ್ಸ್ ನೋಡಿ. ನುಡಿ 01 ಇ ಅಂತಲೋ ಬಿಆರ್‌ಎಚ್ ಅಂತಲೋ ಹೆಸರಿದ್ರೆ ಸಾಮಾನ್ಯವಾಗಿ ಹಳೇದು, ನೋಟೋ ಸಾನ್ಸ್ ಕನ್ನಡ ಅಥವಾ ತುಂಗಾ ಇದ್ರೆ ಯೂನಿಕೋಡ್, ಅಂದ್ರೆ ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇರೋ, ಎಲ್ಲಾ ಕಂಪ್ಯೂಟರಿಗೂ ಅರ್ಥ ಆಗೋ ಪದ್ಧತಿ.

ಹಂತ 2: ತೆಗೆಯೋದು

ನುಡಿ, ಬರಹ ಫಾಂಟಿನ ಕತೆ ಏನಂದ್ರೆ, ಆಗಿನ ಕಾಲಕ್ಕೆ ಕಂಪ್ಯೂಟರಿಗೆ ಕನ್ನಡ ಗೊತ್ತಿರ್ಲಿಲ್ಲ ಅಂತ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನ ಕೂರಿಸಿದ್ರು. ನುಡಿಯಲ್ಲಿ ‘ಕ’ ಕಾಣೋದು ಇಂಗ್ಲಿಷಿನ ಪಿ ಜಾಗದಲ್ಲಿ, ತಲೆಕಟ್ಟು ಇನ್ನೊಂದು ಅಕ್ಷರದ ಜಾಗದಲ್ಲಿ. ಯೂನಿಕೋಡಲ್ಲಿ ಕನ್ನಡ 1991ರಿಂದಲೇ ಇದ್ರೂ ನಮ್ಮ ಸುತ್ತಮುತ್ತ ಹಳೇ ಫಾಂಟಲ್ಲೇ ಇವತ್ತಿಗೂ ಟೈಪ್ ಮಾಡೋರು ಬೇಕಾದಷ್ಟು ಜನ ಇದಾರೆ. ಕಾಪಿ ಆಗಿ ಬಂದ ಆ ಕಲಸುಮೇಲೋಗರ ಕಸ ಅಲ್ಲ ಕಣ್ರೀ, ಅದು ಸರಿಯಾದ ಕನ್ನಡವೇ, ಬೇರೆ ವೇಷದಲ್ಲಿದೆ ಅಷ್ಟೆ. ಅದನ್ನ ನುಡಿ ತಂತ್ರಾಂಶದ ಜೊತೆಗೇ ಬರೋ ಕನ್ವರ್ಟರಿಗೆ ಹಾಕಿ ಯೂನಿಕೋಡಿಗೆ ಬದಲಾಯಿಸಿದ್ರೆ ಮುಗೀತು, ಬರಹದಲ್ಲೂ ಕನ್ವರ್ಟರ್ ಇದೆ.

ಬದಲಾಯಿಸಿದ ಮೇಲೆ ಎರಡು ಕಡೆ ಕಣ್ಣಿಡಿ. ಒಂದು ಅರ್ಕಾವತ್ತು. ಹಳೇ ಫಾಂಟಲ್ಲಿ ಅರ್ಕಾವತ್ತನ್ನ ಅಕ್ಷರ ಆದಮೇಲೆ ಬರೀತಾರೆ, ಯೂನಿಕೋಡಲ್ಲಿ ‘ರ್’ ಮೊದಲು ಬರ್ಬೇಕು. ಕನ್ವರ್ಟರ್ ಚೆನ್ನಾಗಿಲ್ಲ ಅಂದ್ರೆ ಕರ್ನಾಟಕ ಅನ್ನೋದು ‘ಕನಾ’ ಅಂತಾಗಿ ನಡುವೆ ಒಂದು ಪರದೇಶಿ ಗುರುತು ಕೂತು ಆಮೇಲೆ ‘ಟಕ’ ಬರುತ್ತೆ. ಕಾರ್ಯದರ್ಶಿ, ವರ್ಷ, ವರ್ಗ, ಅರ್ಜಿ ಈ ನಾಲ್ಕು ಪದ ಹುಡುಕಿ ನೋಡಿ, ಇವು ನೆಟ್ಟಗಿದ್ರೆ ಉಳಿದಿದ್ದೂ ಬಹುಪಾಲು ನೆಟ್ಟಗಿರುತ್ತೆ. ಎರಡನೇದು, ನಡುನಡುವೆ ಇಂಗ್ಲಿಷ್ ಇದ್ರೆ, ಇಮೇಲ್ ವಿಳಾಸವೋ ಕಂಪನಿ ಹೆಸರೋ, ಅದೂ ಕನ್ನಡ ಅಂದ್ಕೊಂಡು ಅರ್ಥ ಇಲ್ಲದ ಅಕ್ಷರ ಮಾಡ್ಬಿಡುತ್ತೆ. ಅವನ್ನ ಮೊದಲೇ ಬೇರೆ ಕಡೆ ಬರೆದಿಟ್ಕೊಂಡು ಆಮೇಲೆ ಸೇರಿಸಿ.

ಸ್ಕ್ಯಾನಿಗೆ ಗೂಗಲ್ ಡ್ರೈವ್ ಸಾಕು. ಕಂಪ್ಯೂಟರಲ್ಲಿ ಡ್ರೈವ್ ತೆರೆದು ಪಿಡಿಎಫ್ ಅಪ್‌ಲೋಡ್ ಮಾಡಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಓಪನ್ ವಿತ್, ಗೂಗಲ್ ಡಾಕ್ಸ್. ಕನ್ನಡನ ಅದೇ ಗುರುತು ಹಿಡಿಯುತ್ತೆ. 38 ಪುಟನೂ ಒಂದೇ ಸಲ ಹಾಕ್ಬೇಡಿ, ಐದೈದು ಪುಟ ಒಡೆದು ಹಾಕಿ. ಒಡೆಯೋಕೆ ಬೇರೆ ಆ್ಯಪ್ ಬೇಡ, ಕ್ರೋಮಲ್ಲಿ ತೆರೆದು ಪ್ರಿಂಟ್ ಕೊಟ್ಟು ಸೇವ್ ಆ್ಯಸ್ ಪಿಡಿಎಫ್ ಆರಿಸಿ ಪುಟ 1-5 ಅಂತ ಹಾಕಿದ್ರೆ ಆಯ್ತು. ಇಂಟರ್ನೆಟ್ಟಿಗೆ ಹಾಕೋಕೆ ಇಷ್ಟ ಇಲ್ಲದ ಕಾಗದ ಆದ್ರೆ ಟೆಸರಾಕ್ಟ್ ಅಂತ ಉಚಿತವಾದ್ದು ಇದೆ, ಕನ್ನಡದ ಡೇಟಾ ಫೈಲ್ ಹಾಕ್ಕೊಂಡ್ರೆ ನಿಮ್ಮ ಕಂಪ್ಯೂಟರಲ್ಲೇ ಕೆಲಸ ಮಾಡುತ್ತೆ, ಆದ್ರೆ ಕಮಾಂಡ್ ಟೈಪ್ ಮಾಡೋ ಅಭ್ಯಾಸ ಇರ್ಬೇಕು. ನೀವೇ ಸ್ಕ್ಯಾನ್ ಮಾಡೋದಾದ್ರೆ 300 ಡಿಪಿಐ (ಒಂದಿಂಚಿಗೆ 300 ಚುಕ್ಕಿ) ಇಡಿ. ಟ್ಯೂಬ್‌ಲೈಟ್ ಕೆಳಗೆ ಕೈ ನೆರಳು ಬೀಳಿಸ್ಕೊಂಡು ತೆಗೆದ ಮೊಬೈಲ್ ಫೋಟೋದಿಂದ ಒಳ್ಳೇ ಅಕ್ಷರ ನಿರೀಕ್ಷೆ ಮಾಡ್ಬೇಡಿ.

ಓಸಿಆರ್ ಮಾಡಿದ್ದನ್ನ ಓದದೆ ಯಾರಿಗೂ ಕಳಿಸ್ಬೇಡಿ. ಪ, ಷ ಅದಲು ಬದಲಾಗುತ್ತೆ, ಘ, ಫ ಹಂಗೇ. ಅನುಸ್ವಾರದ ಸೊನ್ನೆಯೂ ಅಂಕಿಯ ಸೊನ್ನೆಯೂ ಕಾಣೋಕೆ ಒಂದೇ ತರ ಇರೋದ್ರಿಂದ ಹಣದ ಮೊತ್ತದಲ್ಲಿ ಎಡವಟ್ಟಾಗುತ್ತೆ. ಅಂಕಿ ಇರೋ ಕಡೆಯೆಲ್ಲ ಒಬ್ರು ಮೂಲ ಹಿಡ್ಕೊಂಡು ಜೋರಾಗಿ ಓದ್ಬೇಕು, ಇನ್ನೊಬ್ರು ಸ್ಕ್ರೀನ್ ನೋಡ್ಬೇಕು. ಆ ಹುಡುಗನ ಬೈಲಾನಾ ನಾವಿಬ್ರೂ ಹಿಂಗೇ ಕೂತು ನೋಡಿದ್ವಿ, ಷೇರು ಹಣದ ಕಲಮಿನಲ್ಲಿ ಒಂದು ಸೊನ್ನೆನೇ ಬಿಟ್ಟೋಗಿತ್ತು.

ಒಂದು ಮಾತು ಕಟ್ಟುನಿಟ್ಟಾಗಿ ಹೇಳ್ತೀನಿ. ಪಿಡಿಎಫ್ ಟು ವರ್ಡ್ ಅಂತ ಹುಡುಕಿದ ತಕ್ಷಣ ಸಿಗೋ ಗೊತ್ತಿಲ್ಲದ ಫ್ರೀ ವೆಬ್‌ಸೈಟುಗಳಿಗೆ ಆಧಾರ್, ಪಾಸ್‌ಬುಕ್, ಪಹಣಿ ಇರೋ ಫೈಲ್ ಹಾಕ್ಬೇಡಿ. ನಿಮ್ಮ ಫೈಲ್ ಬೇರೆಯವರ ಕಂಪ್ಯೂಟರಿಗೆ ಹೋಗಿ ಕೂರುತ್ತೆ. ಅದೂ ಅಲ್ದೆ ಅವುಗಳಲ್ಲಿ ಎಷ್ಟೋ ಕನ್ನಡನ ಹಾಳು ಮಾಡೇ ವಾಪಸ್ ಕೊಡ್ತಾವೆ. ಟ್ರಯಲ್ ಅಂತ ಬರೋ ಕೆಲವು ಎಡಿಟರುಗಳೂ ಅಷ್ಟೆ, ಎರಡು ಗಂಟೆ ಕೆಲಸ ಮಾಡಿಸ್ಕೊಂಡು ಕೊನೇಲಿ ಸೇವ್ ಮಾಡುವಾಗ ಪುಟದ ಮೇಲೆಲ್ಲ ಅವರ ಹೆಸರು ಅಡ್ಡಡ್ಡ ಬಳೀತಾವೆ.

ಹಂತ 3: ಮುರಿದ ಸಾಲು ಜೋಡಿಸೋದು

ಪಿಡಿಎಫ್‌ನಿಂದ ಬಂದ ಪ್ರತಿ ಸಾಲಿನ ಕೊನೇಲೂ ಎಂಟರ್ ಇರುತ್ತೆ. ನಿಜವಾಗಿ ಪ್ಯಾರಾ ಮುಗಿಯೋ ಕಡೆ ಮಾತ್ರ ಇನ್ನೊಂದು ಎಂಟರ್ ಹೊಡ್ಕೊಂಡು ಬನ್ನಿ. ಆಮೇಲೆ ವರ್ಡಿನ ಫೈಂಡ್ ರಿಪ್ಲೇಸಲ್ಲಿ ಜೋಡಿ ಎಂಟರನ್ನ ### ಮಾಡಿ, ಒಂಟಿ ಎಂಟರನ್ನ ಒಂದು ಸ್ಪೇಸ್ ಮಾಡಿ, ಕೊನೆಗೆ ### ಇದ್ದಲ್ಲೆಲ್ಲ ಎಂಟರ್ ಮಾಡಿ. ವರ್ಡಲ್ಲಿ ಎಂಟರ್ ಅನ್ನೋಕೆ 6ರ ಕೀ ಮೇಲಿರೋ ಟೋಪಿ ಗುರುತು ಹಾಕಿ ಪಕ್ಕದಲ್ಲಿ ಇಂಗ್ಲಿಷಿನ ಸಣ್ಣ ಪಿ.

ಹಂತ 4: ಫಾರ್ಮ್ ಮಾಡೋದು

ಬೈಲಾ ಆದಮೇಲೆ ಅದರ ಕೊನೇಲಿದ್ದ ಸದಸ್ಯತ್ವದ ಅರ್ಜಿನ ಮೊಬೈಲಲ್ಲೇ ತುಂಬೋ ಹಂಗೆ ಮಾಡ್ಬೋದಾ ಅಣ್ಣ ಅಂತ ಆ ಹುಡುಗ ಕೇಳ್ದ. ಮಾಡ್ಬೋದು, ಖರ್ಚೂ ಇಲ್ಲ. ಲಿಬ್ರೆ ಆಫೀಸ್ ರೈಟರ್ ಉಚಿತ, ನಾನು ಇದಕ್ಕೆ ಬೇರೆ ಯಾವುದನ್ನೂ ಬಳಸಲ್ಲ.

ಅರ್ಜಿನ ಎರಡು ಕಾಲಮ್ಮಿನ ಟೇಬಲ್ಲಾಗಿ ಹಾಕ್ಕೊಳಿ, ಎಡಕ್ಕೆ ಪ್ರಶ್ನೆ ಬಲಕ್ಕೆ ಜಾಗ. ವ್ಯೂ, ಟೂಲ್‌ಬಾರ್ಸ್, ಫಾರ್ಮ್ ಕಂಟ್ರೋಲ್ಸ್ ತೆರೆದು ಡಿಸೈನ್ ಮೋಡ್ ಆನ್ ಮಾಡಿ, ಟೆಕ್ಸ್ಟ್ ಬಾಕ್ಸ್ ಆರಿಸಿ ಬಲಗಡೆ ಎಳೀರಿ. ರೈಟ್ ಕ್ಲಿಕ್ ಮಾಡಿ ಕಂಟ್ರೋಲ್ ಪ್ರಾಪರ್ಟೀಸಲ್ಲಿ ಹೆಸರು ಕೊಡಿ, ಇಂಗ್ಲಿಷಲ್ಲೇ, ನಡುವೆ ಸ್ಪೇಸ್ ಇಲ್ದಂಗೆ. ಮ್ಯಾಕ್ಸಿಮಮ್ ಟೆಕ್ಸ್ಟ್ ಲೆಂತ್ ಅಂತಿರುತ್ತಲ್ಲ ಅದನ್ನ ಖಾಲಿ ಬಿಡ್ಬೇಡಿ. ಮೊಬೈಲಿಗೆ 10, ಆಧಾರಿಗೆ 12, ಪಿನ್ ಕೋಡಿಗೆ 6, ಐಎಫ್‌ಎಸ್‌ಸಿಗೆ 11. ಐಎಫ್‌ಎಸ್‌ಸಿಯ ಐದನೇದು ಯಾವಾಗ್ಲೂ ಸೊನ್ನೆ, ಜನ ಅಲ್ಲಿ ಇಂಗ್ಲಿಷ್ ‘ಓ’ ಹಾಕ್ತಾರೆ, ಅದಕ್ಕೆ ಪಕ್ಕದಲ್ಲೇ ‘ಐದನೇದು ಸೊನ್ನೆ’ ಅಂತ ಸಣ್ಣದಾಗಿ ಬರೀರಿ.

ಈಗ ಎಲ್ರೂ ಮುಗ್ಗರಿಸೋ ಜಾಗಕ್ಕೆ ಬಂದ್ವಿ. ಫಾರ್ಮಲ್ಲಿ ನೀವು ಬರೆದಿಟ್ಟ ಕನ್ನಡ ಬೇರೆ, ತುಂಬೋರು ಟೈಪ್ ಮಾಡೋ ಕನ್ನಡ ಬೇರೆ. ನೀವು ಬರೆದಿದ್ದನ್ನ ಲಿಬ್ರೆ ಆಫೀಸ್ ಒತ್ತು ಗುಣಿತ ಎಲ್ಲ ಜೋಡಿಸಿ ಪುಟಕ್ಕೆ ಅಚ್ಚು ಹಾಕಿಬಿಟ್ಟಿರುತ್ತೆ, ಅದು ಎಲ್ಲಿ ತೆರೆದ್ರೂ ಕೆಡಲ್ಲ. ಆದ್ರೆ ಖಾಲಿ ಬಾಕ್ಸಲ್ಲಿ ಟೈಪ್ ಆಗೋದನ್ನ ಜೋಡಿಸ್ಬೇಕಾಗಿರೋದು ತುಂಬೋರ ಫೋನಲ್ಲಿರೋ ಪಿಡಿಎಫ್ ಆ್ಯಪು, ಅವುಗಳಲ್ಲಿ ಬಹಳಷ್ಟಕ್ಕೆ ಆ ಬಾಕ್ಸೊಳಗೆ ಕನ್ನಡ ಜೋಡ್ಸೋಕೆ ಬರಲ್ಲ. ಬಾಕ್ಸಿಗೆ ಇಂಗ್ಲಿಷ್ ಫಾಂಟ್ ಇದ್ರೆ ಕನ್ನಡದ ಆಕಾರವೇ ಇರಲ್ಲ, ಚೌಕ ಚೌಕ ಕಾಣುತ್ತೆ. ಕನ್ನಡ ಫಾಂಟ್ ಇದ್ರೂ ಪುಟ್ಟಸ್ವಾಮಿ ಅಂತ ಹೊಡೆದ್ರೆ ‘ಪುಟ್‌ಟಸ್‌ವಾಮಿ’ ಅಂತ ಒತ್ತೆಲ್ಲ ಬಿಚ್ಕೊಂಡು ನಿಲ್ಲುತ್ತೆ. ಮೋಸ ಏನಂದ್ರೆ, ಕೆಲವು ಕಡೆ ಟೈಪ್ ಮಾಡುವಾಗ ಸರಿಯಾಗೇ ಕಾಣುತ್ತೆ, ಸೇವ್ ಮಾಡಿ ಇನ್ನೊಬ್ರಿಗೆ ಕಳಿಸಿದಾಗ ಕೆಟ್ಟಿರುತ್ತೆ. ತುಂಬಿದೋರಿಗೆ ಗೊತ್ತೇ ಆಗಲ್ಲ. ನಾನು ಮೊದಲ ಸಲ ಒಂದು ಸಂಘಕ್ಕೆ ಮಾಡ್ಕೊಟ್ಟಾಗ ಇದು ಗೊತ್ತಿರ್ಲಿಲ್ಲ, ವಾಪಸ್ ಬಂದ ಅರ್ಜಿಗಳಲ್ಲಿ ಒಂದು ಹೆಸರೂ ನೆಟ್ಟಗೆ ಓದೋಕಾಗ್ಲಿಲ್ಲ, ಎಲ್ರಿಗೂ ಫೋನ್ ಮಾಡಿ ಹೆಸರು ಕೇಳ್ಬೇಕಾಯ್ತು. ಹಿರಿಯರೊಬ್ರು ನನ್ನ ಹೆಸರನ್ನೂ ಸರಿಯಾಗಿ ಬರೆಯೋಕೆ ಬರಲ್ವೇನಪ್ಪ ಅಂದಿದ್ದು ಇನ್ನೂ ಕಿವೀಲಿದೆ.

ಅದಕ್ಕೆ ನನ್ನ ದಾರಿ ಇದು: ಟೈಪ್ ಮಾಡ್ಸೋದನ್ನ ಕಡಿಮೆ ಮಾಡಿ, ಟಿಕ್ ಹಾಕ್ಸೋದನ್ನ ಜಾಸ್ತಿ ಮಾಡಿ. ತಾಲ್ಲೂಕು ಯಾವುದು ಅಂತ ಖಾಲಿ ಬಾಕ್ಸ್ ಇಡ್ಬೇಡಿ. ಮಂಡ್ಯ, ಮದ್ದೂರು, ಮಳವಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ನಮ್ಮ ಜಿಲ್ಲೇಲಿ ಇರೋದೇ ಏಳು, ಏಳಕ್ಕೂ ಒಂದೊಂದು ಆಪ್ಶನ್ ಬಟನ್ ಇಡಿ. ಡ್ರಾಪ್‌ಡೌನ್ ಪಟ್ಟಿ ಚಂದ ಕಾಣುತ್ತೆ ನಿಜ, ಆದ್ರೆ ಅದರೊಳಗಿನ ಕನ್ನಡಕ್ಕೂ ಇದೇ ರೋಗ, ಶ್ರೀರಂಗಪಟ್ಟಣ ಅಲ್ಲೂ ಒಡೆಯುತ್ತೆ. ಬಟನ್ನಿನ ಲೇಬಲ್ ಖಾಲಿ ಮಾಡಿ, ಊರ ಹೆಸರನ್ನ ಅದರ ಪಕ್ಕ ಪುಟದ ಮೇಲೇ ಟೈಪ್ ಮಾಡಿ, ಆಗ ಅದು ಅಚ್ಚಾದ ಅಕ್ಷರ, ಕೆಡೋ ಪ್ರಶ್ನೆನೇ ಇಲ್ಲ. ಏಳು ಬಟನ್ನಿಗೂ ಗ್ರೂಪ್ ನೇಮ್ ಒಂದೇ ಕೊಡಿ, ಇಲ್ಲಾಂದ್ರೆ ಒಬ್ರೇ ಮೂರು ತಾಲ್ಲೂಕಿಗೆ ಟಿಕ್ ಹಾಕಿ ಕಳಿಸ್ತಾರೆ. ಹಸುನೋ ಎಮ್ಮೆನೋ, ಗಂಡೋ ಹೆಣ್ಣೋ ಎಲ್ಲ ಇದೇ ತರ. ಹುಟ್ಟಿದ ದಿನಕ್ಕೆ ಡೇಟ್ ಫೀಲ್ಡ್ ಬೇಡ, ದಿನ ತಿಂಗಳು ವರ್ಷಕ್ಕೆ ಮೂರು ಸಣ್ಣ ಬಾಕ್ಸ್ ಸಾಕು.

ಹೆಸರನ್ನ ಪಾಸ್‌ಬುಕ್ಕಲ್ಲಿ ಇರೋ ಹಂಗೆ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಟೈಪ್ ಮಾಡ್ಸಿ. ಅದರ ಕೆಳಗೆ ‘ಕನ್ನಡದಲ್ಲಿ ಹೆಸರು’ ಅಂತ ಬರೀ ಒಂದು ಗೆರೆ ಬಿಡಿ, ಹೆಂಗೂ ಸಹಿ ಹಾಕೋಕೆ ಪ್ರಿಂಟ್ ತಗೋತಾರೆ, ಪೆನ್ನಲ್ಲಿ ಬರೀತಾರೆ. ಕನ್ನಡದಲ್ಲೇ ಉದ್ದುದ್ದ ಉತ್ತರ ಬೇಕು ಅನ್ನೋ ಹಂಗಿದ್ರೆ ಪಿಡಿಎಫ್ ಸಹವಾಸ ಬಿಟ್ಟು ಗೂಗಲ್ ಫಾರ್ಮ್ ಮಾಡಿ, ಅಲ್ಲಿ ಕನ್ನಡ ಕೆಡಲ್ಲ, ಉತ್ತರ ನೇರ ಶೀಟಿಗೆ ಬೀಳುತ್ತೆ.

ಟ್ಯಾಬ್ ಆರ್ಡರ್, ಅಂದ್ರೆ ಟ್ಯಾಬ್ ಕೀ ಒತ್ತಿದಾಗ ಯಾವ ಬಾಕ್ಸ್ ಆದಮೇಲೆ ಯಾವುದಕ್ಕೆ ಹೋಗುತ್ತೆ ಅನ್ನೋದನ್ನ ಒಂದ್ಸಲ ನೋಡ್ಕೊಳಿ. ಆಮೇಲೆ ಫೈಲ್, ಎಕ್ಸ್‌ಪೋರ್ಟ್ ಆ್ಯಸ್, ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್, ಅಲ್ಲಿ ಕ್ರಿಯೇಟ್ ಪಿಡಿಎಫ್ ಫಾರ್ಮ್ ಅನ್ನೋದಕ್ಕೆ ಟಿಕ್ ಇರ್ಬೇಕು. ಪ್ರಿಂಟ್ ಕೊಟ್ಟು ಪಿಡಿಎಫ್ ಮಾಡಿದ್ರೆ ಬಾಕ್ಸೆಲ್ಲ ಬರೀ ಚಿತ್ರ ಆಗುತ್ತೆ, ಒತ್ತಿದ್ರೂ ಏನೂ ಆಗಲ್ಲ.

ಹಂತ 5: ಬೇರೆಯವರ ಫೋನಲ್ಲಿ ನೋಡೋದು

ನಿಮ್ಮ ಕಂಪ್ಯೂಟರಲ್ಲಿ ಸರಿ ಬಂತು ಅಂತ ಗ್ರೂಪಿಗೆ ಹಾಕ್ಬೇಡಿ. ಮನೇಲಿ ವಯಸ್ಸಾದೋರ ಫೋನಿಗೆ ವಾಟ್ಸಾಪಲ್ಲಿ ಕಳಿಸಿ, ಅವರ ಕೈಲೇ ತುಂಬಿಸಿ, ನೀವು ಸುಮ್ನೆ ಪಕ್ಕದಲ್ಲಿ ಕೂತ್ಕೊಂಡು ನೋಡಿ. ವಾಟ್ಸಾಪಲ್ಲಿ ಕಾಣೋ ಪ್ರಿವ್ಯೂನೇ ಫಾರ್ಮ್ ಅಂದ್ಕೊಂಡು ಒತ್ತುತಾ ಇರ್ತಾರೆ, ಅಲ್ಲಿ ತುಂಬೋಕಾಗಲ್ಲ, ಅಡೋಬಿ ರೀಡರಲ್ಲೋ ಡ್ರೈವಲ್ಲೋ ತೆರೀಬೇಕು. ಕಂಪ್ಯೂಟರಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ತುಂಬ್ಬೋದು, ಆದ್ರೆ ತುಂಬಿ ಡೌನ್‌ಲೋಡ್ ಮಾಡ್ಕೊಳ್ದೆ ಮುಚ್ಚಿದ್ರೆ ಎಲ್ಲ ಹೋಗುತ್ತೆ. ಈ ಎರಡು ಸಾಲನ್ನ ಫಾರ್ಮಿನ ತಲೆ ಮೇಲೇ ದಪ್ಪಕ್ಷರದಲ್ಲಿ ಬರೀರಿ.

ಲಿಬ್ರೆ ಆಫೀಸಿನ ಮೂಲ ಫೈಲನ್ನ ಎರಡು ಕಡೆ ಇಟ್ಕೊಳಿ, ಪಿಡಿಎಫ್‌ನಿಂದ ಅದನ್ನ ವಾಪಸ್ ತೆಗೆಯೋದು ದೊಡ್ಡ ಕಷ್ಟ. ತುಂಬಿದ ಅರ್ಜಿ ನೂರಾರು ಬರೋ ಹಂಗಿದ್ರೆ ಪಿಡಿಎಫ್‌ಟಿಕೆ ಅನ್ನೋ ಉಚಿತ ಸಾಧನ ಇದೆ, ಬಾಕ್ಸಿನ ಹೆಸರು, ಅದರಲ್ಲಿ ತುಂಬಿದ್ದು ಎರಡನ್ನೂ ಪಟ್ಟಿ ಮಾಡಿ ಕೊಡುತ್ತೆ, ಬಾಕ್ಸಿಗೆ ಇಂಗ್ಲಿಷಲ್ಲಿ ನೀಟಾಗಿ ಹೆಸರಿಡಿ ಅಂದಿದ್ದು ಇದಕ್ಕೇ. ಆ ಹುಡುಗನ ಸೊಸೈಟಿಗೆ ಇಲ್ಲಿವರೆಗೆ 23 ಅರ್ಜಿ ಬಂದಿದಾವೆ. ಹೋದ ವಾರ ಪ್ರಿಂಟ್ ತಗೊಳೋಕೆ ಬಂದಿದ್ದ, ಕನ್ನಡದ ಹೆಸರು ಎಲ್ಲಾ ಪೆನ್ನಲ್ಲಿ, ಎಲ್ಲಾ ಓದೋಕೆ ಬರ್ತಾವೆ.