ಬೋರ್ಡೋ ದ್ರಾವಣ ಮಾಡುವುದು ಹೇಗೆ? ಮೊದಲು ಸುಣ್ಣ ನೋಡಿ

ಮೇ ತಿಂಗಳ ಕೊನೆ ಬಂತೆಂದರೆ ಶಿರಸಿ ಕಡೆಯ ಅಡಿಕೆ ತೋಟದವರ ಮನೆಗಳಲ್ಲಿ ಒಂದೇ ಮಾತು. ಮಳೆ ಹಿಡಿಯುವ ಮೊದಲು ಕೊಳೆ ಔಷಧಿ, ಅಂದರೆ ಅಡಿಕೆಯ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ, ಹೊಡೆದು ಮುಗಿಸಬೇಕು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಗುವುದೇ ಕಷ್ಟ, ಸಿಕ್ಕ ದಿನ ಎಲ್ಲರಿಗೂ ಗಡಿಬಿಡಿ. ಡ್ರಮ್ಮಿಗೆ ನೀರು ತುಂಬಿ, ಮೈಲುತುತ್ತ ಸುರಿದು, ಅದರ ಮೇಲೇ ಸುಣ್ಣ ಹಾಕಿ, ಒಂದು ಕೋಲಿನಿಂದ ತಿರುವಿ ಪಂಪಿಗೆ ಕೊಡುವುದನ್ನು ಎಷ್ಟೋ ತೋಟಗಳಲ್ಲಿ ನೋಡಿದ್ದೇನೆ. ಆಮೇಲೆ ಎಳೆಕಾಯಿ ಸುಟ್ಟರೆ ಬೈಗುಳ ಮೈಲುತುತ್ತಕ್ಕೆ. ತಪ್ಪು ಹೆಚ್ಚಾಗಿ ಸುಣ್ಣದ್ದು.

ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ಅದರ ನೀರು ಆಮ್ಲದ ಗುಣದ್ದು, ಹಾಗೇ ಹೊಡೆದರೆ ಎಲೆ, ಕಾಯಿ ಸುಡುತ್ತದೆ. ಸುಣ್ಣ ಪ್ರತ್ಯಾಮ್ಲ. ಎರಡೂ ಸೇರಿದಾಗ ತಾಮ್ರ ನೀರಲ್ಲಿ ಕರಗದ ನುಣ್ಣನೆಯ ನೀಲಿ ಕಣವಾಗಿ ಅಡಿಕೆ ಗೊನೆಗೆ ಅಂಟಿಕೊಳ್ಳುತ್ತದೆ. ಮಳೆಯಲ್ಲಿ ಚೂರುಚೂರೇ ಬಿಟ್ಟುಕೊಂಡು ಕೊಳೆರೋಗದ ರೋಗಾಣುವನ್ನು ತಡೆಯುತ್ತದೆ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು. ಹೆಸರು ಬಂದದ್ದು ಅಲ್ಲಿಂದ.

ಅಳತೆ ಸುಲಭ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಟ್ಟ ಸುಣ್ಣ, ಒಟ್ಟು 100 ಲೀಟರ್ ನೀರು. ನೀರನ್ನು 50-50 ಲೀಟರ್ ಎಂದು ಎರಡು ಪಾಲು ಮಾಡಿ.

ಮೈಲುತುತ್ತಕ್ಕೆ ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ಕಬ್ಬಿಣ, ತಗಡು, ಅಲ್ಯೂಮಿನಿಯಂ ಬೇಡ. ತಾಮ್ರವೆಲ್ಲ ಪಾತ್ರೆಗೆ ಹತ್ತುತ್ತದೆ, ಪಾತ್ರೆ ತೂತಾಗುತ್ತದೆ. ಹರಳನ್ನು ತಳಕ್ಕೆ ಸುರಿಯಬೇಡಿ. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ನೀರಿನ ಮೇಲ್ಭಾಗದಲ್ಲಿ ಮುಳುಗುವಷ್ಟು ನೇತುಹಾಕಿ. ಕರಗಿದ ನೀರು ಭಾರವಾಗಿ ಕೆಳಗಿಳಿಯುತ್ತದೆ, ತಿಳಿನೀರು ಗಂಟಿನ ಹತ್ತಿರ ಬರುತ್ತಲೇ ಇರುತ್ತದೆ. ರಾತ್ರಿ ಕಟ್ಟಿಟ್ಟರೆ ಬೆಳಿಗ್ಗೆಗೆ ಕೋಲು ಮುಟ್ಟಿಸದೇ ಕರಗಿರುತ್ತದೆ.

ಈಗ ಸುಣ್ಣ. ಇಲ್ಲಿ ಅವಸರ ಮಾಡಲೇಬಾರದು.

ಬೇಕಾದದ್ದು ಹೊಸದಾಗಿ ಸುಟ್ಟ, ಗಟ್ಟಿ ಹರಳಿನ ಸುಣ್ಣ. ಚೀಲ ಬಿಚ್ಚಿಟ್ಟ ಸುಣ್ಣ ಮೊದಲು ಗಾಳಿಯ ಥಂಡಿ ಹೀರಿ ಪುಡಿಯಾಗುತ್ತದೆ. ಆಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣದ ಕಲ್ಲಿನ ಗುಣಕ್ಕೇ ಮರಳುತ್ತದೆ. ನೋಡಲು ಬೆಳ್ಳಗೇ ಇರುತ್ತದೆ, ಮೈಲುತುತ್ತದ ಆಮ್ಲವನ್ನು ಅಡಗಿಸುವ ಶಕ್ತಿ ಮಾತ್ರ ಇರುವುದಿಲ್ಲ. ಒಂದು ವರ್ಷ ಅಂಗಡಿಯವರ ಮಾತು ನಂಬಿ ಹಳೇ ಸುಣ್ಣ ತಂದು, ಮೇಲಿನ ತೋಟದ ಎಳೆಕಾಯಿ ಸುಟ್ಟದ್ದನ್ನು ಕಣ್ಣಾರೆ ನೋಡಿದ್ದೇನೆ. ಅಂದಿನಿಂದ ಎರಡು ಪರೀಕ್ಷೆ ಮಾಡದೆ ಸುಣ್ಣ ಮುಟ್ಟುವುದಿಲ್ಲ. ಒಂದು ಹರಳಿಗೆ ಸ್ವಲ್ಪ ನೀರು ಬಿಡಿ. ಸುಯ್ ಎಂದು ಬಿಸಿಯೇರಿ, ಬಿರಿದು, ಹಬೆ ಬಂದರೆ ಒಳ್ಳೆಯ ಸುಣ್ಣ. ಇನ್ನೊಂದು ಚೂರಿಗೆ ವಿನೆಗರ್ ಹಾಕಿ. ಬುರುಬುರು ನೊರೆ ಜಾಸ್ತಿ ಬಂದರೆ ಅದು ಹಳತು, ವಾಪಸ್ ಕೊಡಿ.

ಕುಮಟಾ ಕಡೆಯಿಂದ ಬರುವ, ಚಿಪ್ಪು ಸುಟ್ಟು ಮಾಡಿದ ಚಿಪ್ಪಿ ಸುಣ್ಣ ಸಿಕ್ಕರೆ ನಾನು ಅದನ್ನೇ ತರುತ್ತೇನೆ. ಪ್ಯಾಕೆಟ್ಟಿನಲ್ಲಿ ಬರುವ ಸುಣ್ಣದ ಪುಡಿ ಬೇಡವೇ ಬೇಡ. ಅದು ಎಂದು ಸುಟ್ಟದ್ದೆಂದು ಯಾರಿಗೂ ಗೊತ್ತಿರುವುದಿಲ್ಲ.

ಸುಣ್ಣ ಅರಳಿಸುವಾಗ ನೀರನ್ನು ಚೊಂಬಿನಿಂದ ಚೂರುಚೂರೇ ಹಾಕಿ. ಒಮ್ಮೆಲೇ ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ. ಕಣ್ಣಿಗೆ ಕನ್ನಡಕ ಇರಲೇಬೇಕು, ಮಕ್ಕಳು ದೂರ ನಿಲ್ಲಲಿ. ಕಣ್ಣಿಗೆ ಬಿದ್ದರೆ ಉಜ್ಜದೆ, ತುಂಬಾ ಹೊತ್ತು ನೀರು ಹಾಯಿಸಿ ಆಸ್ಪತ್ರೆಗೆ ಹೋಗಿ. ಅರಳಿದ ಮೇಲೆ ಉಳಿದ ನೀರು ಸೇರಿಸಿ, ಬಟ್ಟೆಯಲ್ಲಿ ಸೋಸಿ, ಪೂರ್ತಿ ತಣಿಯಲು ಬಿಡಿ. ಬಿಸಿ ಸುಣ್ಣಕ್ಕೆ ಮೈಲುತುತ್ತ ಸೇರಿದರೆ ಕಣ ದಪ್ಪಗಾಗಿ ಬೇಗ ತಳಕ್ಕೆ ಕೂರುತ್ತದೆ.

ಸೇರಿಸುವಾಗ ಕ್ರಮ ತಪ್ಪಬಾರದು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಸುಣ್ಣವನ್ನು ಮೈಲುತುತ್ತಕ್ಕಲ್ಲ. ಒಬ್ಬರು ಸಣ್ಣ ಧಾರೆಯಲ್ಲಿ ಸುರಿಯಲಿ, ಇನ್ನೊಬ್ಬರು ಕೈ ಬಿಡದೆ ತಿರುವಲಿ. ಆಕಾಶದ ನೀಲಿ ಬಣ್ಣ ಬರುತ್ತದೆ.

ಬಣ್ಣ ನೋಡಿ ಸಮಾಧಾನ ಪಡಬೇಡಿ. ಕತ್ತಿ ಅದ್ದಿ ನೋಡಿ. ಕತ್ತಿಯ ಬಾಯನ್ನು ಮೊದಲು ಮರಳಿನಿಂದ ಫಳಫಳ ಹೊಳೆಯುವ ಹಾಗೆ ಉಜ್ಜಿ. ಎಣ್ಣೆ, ಬಾಳೆಯ ಕಲೆ ಇದ್ದರೆ ಪರೀಕ್ಷೆ ಸುಳ್ಳು ಹೇಳುತ್ತದೆ. ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಲೇಪ ಬಂದರೆ ದ್ರಾವಣದಲ್ಲಿ ಇನ್ನೂ ಬಿಡಿ ತಾಮ್ರ ಇದೆ ಎಂದರ್ಥ. ತಾಮ್ರಕ್ಕಿಂತ ಕಬ್ಬಿಣ ಚುರುಕು. ಅದು ನೀರಿಗಿಳಿದು ತಾಮ್ರವನ್ನು ಹೊರಗೆ ತಳ್ಳುತ್ತದೆ, ಆ ತಾಮ್ರವೇ ಕತ್ತಿಗೆ ಹತ್ತುವುದು. ಹತ್ತನೇ ತರಗತಿ ವಿಜ್ಞಾನದ ಮೊದಲ ಪಾಠದಲ್ಲಿ ಮೊಳೆ ಅದ್ದುವ ಪ್ರಯೋಗ ಇದೆ ಅಲ್ವಾ, ಇದು ಅದೇ. ಸುಣ್ಣ ಅರಳುವುದೂ ಅದೇ ಪಾಠದಲ್ಲಿದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಕತ್ತಿ ಅದ್ದುವಾಗ ಹತ್ತಿರ ಕರೆಯಿರಿ. ಕೆಂಪು ಕಂಡರೆ ಸೋಸಿದ ಸುಣ್ಣದ ನೀರು ಇನ್ನಷ್ಟು ಸೇರಿಸಿ, ಕತ್ತಿ ಉಜ್ಜಿ ಮತ್ತೆ ಅದ್ದಿ. ಕತ್ತಿ ಬೆಳ್ಳಗೇ ಉಳಿಯುವ ತನಕ ಪಂಪಿಗೆ ಹಾಕಬೇಡಿ.

ಕಲಸಿದ್ದನ್ನು ಅದೇ ದಿನ ಹೊಡೆದು ಮುಗಿಸಿ. ಮರುದಿನಕ್ಕೆ ಇಟ್ಟರೆ ಅಂಟುವ ಗುಣ ಹೋಗುತ್ತದೆ. ಡ್ರಮ್ಮು ತೊಳೆದ ನೀರನ್ನು ಹಳ್ಳಕ್ಕೆ ಬಿಡಬೇಡಿ, ತಾಮ್ರ ಮೀನಿಗೆ ವಿಷ.

ಎರಡನೇ ಸಲ ಹೊಡೆಯುವುದು 40-45 ದಿನ ಬಿಟ್ಟು. ಆಗ ಉಳಿದ ಸುಣ್ಣ ಇದೆಯೆಂದು ಅಟ್ಟ ಹತ್ತಬೇಡಿ. ಮೇ ತಿಂಗಳಲ್ಲಿ ಬಿಚ್ಚಿದ ಚೀಲ ಅಷ್ಟರಲ್ಲಿ ಮಳೆಗಾಲದ ಥಂಡಿ ಕುಡಿದಿರುತ್ತದೆ. ಹೊಸ ಸುಣ್ಣವನ್ನೇ ತನ್ನಿ.