ಊರಿನ ಬಸ್ಸಿನ ಪ್ರಶ್ನೆ ವಿಧಾನಸಭೆಗೆ ಮುಟ್ಟಿಸುವುದು ಹೇಗೆ

ಊರಿಗೆ ಬಸ್ಸು ಬೇಕು ಎಂಬ ಪ್ರಶ್ನೆ ಸದನಕ್ಕೆ ಹೋದಾಗ ಅದರ ದಾರಿ ಹೀಗಿರುತ್ತದೆ. ಶಾಸಕರು ಸಹಿ ಹಾಕಿದ ಪ್ರಶ್ನೆಯ ಸೂಚನೆ (ನೋಟಿಸ್) ವಿಧಾನಸಭೆಯ ಸಚಿವಾಲಯಕ್ಕೆ ಹೋಗುತ್ತದೆ, ಅಲ್ಲಿಂದ ಸಾರಿಗೆ ಇಲಾಖೆಗೆ, ಇಲಾಖೆಯಿಂದ ಶಾಂತಿನಗರದ ಕೆಎಸ್‌ಆರ್‌ಟಿಸಿ ಕೇಂದ್ರ ಕಚೇರಿಗೆ, ಅಲ್ಲಿಂದ ವಿಭಾಗಕ್ಕೆ, ಕೊನೆಗೆ ಡಿಪೋಗೆ. ಡಿಪೋದವರು ‘ತುರ್ತು’ ಎಂದು ಬಂದ ಪತ್ರ ನೋಡಿ ನಾಲ್ಕು ಸಾಲು ಬರೆದು ಕಳಿಸುತ್ತಾರೆ. ಆ ನಾಲ್ಕು ಸಾಲೇ ಬಂದ ದಾರಿಯಲ್ಲಿ ಮೇಲೆ ಹತ್ತಿ, ಭಾಷೆ ಸ್ವಲ್ಪ ನಯವಾಗಿ, ಸಚಿವರ ಉತ್ತರವಾಗುತ್ತದೆ. ಹಾಗಾಗಿ ಪ್ರಶ್ನೆ ಕೆಳಗಿಳಿದು ಬರುವ ಹೊತ್ತಿಗೆ ನೀವು ಮಾಡಿದ ಪ್ರಯಾಣಿಕರ ಎಣಿಕೆ, ನಿಮ್ಮ ಪಂಚಾಯಿತಿಯ ಠರಾವು ಎರಡೂ ಸ್ವೀಕೃತಿ ಮುದ್ರೆಯ ಸಮೇತ ಡಿಪೋದ ಫೈಲಿನಲ್ಲಿ ಇರಬೇಕು. ಇಲ್ಲದಿದ್ದರೆ ‘ಸದರಿ ಗ್ರಾಮದಿಂದ ಯಾವುದೇ ಬೇಡಿಕೆ ಸ್ವೀಕೃತವಾಗಿರುವುದಿಲ್ಲ’ ಎಂದು ಬರೆಯುವುದು ಅವರಿಗೆ ಸಲೀಸು. ಅದು ಸುಳ್ಳೂ ಆಗಿರುವುದಿಲ್ಲ.

ಯಾವ ಡಿಪೋ, ಯಾರ ಬಸ್ಸು

ಜಿಲ್ಲೆಯ ಗಡಿಯೂ ಕೆಎಸ್‌ಆರ್‌ಟಿಸಿ ವಿಭಾಗದ ಗಡಿಯೂ ಒಂದೇ ಎಂದು ಭಾವಿಸಿ ಅರ್ಜಿ ಬರೆಯಬೇಡಿ. ಹಾಸನ ಜಿಲ್ಲೆಯ ಬೇಲೂರು, ಸಕಲೇಶಪುರ, ಅರಸೀಕೆರೆ ಕಡೆಯವರಂತೂ ತಮ್ಮ ಮಾರ್ಗದ ಬಸ್ಸು ಯಾವ ಡಿಪೋದ್ದು, ಆ ಡಿಪೋ ಯಾವ ವಿಭಾಗದ್ದು ಎಂದು ಮೊದಲು ಕೇಳಿಕೊಳ್ಳಬೇಕು. ಬಸ್ಸಿನ ಮೈಮೇಲೆ ಡಿಪೋ ಹೆಸರು ಬರೆದಿರುತ್ತದೆ, ಕಂಡಕ್ಟರನ್ನು ಕೇಳಿದರೂ ಆಯಿತು. ತಪ್ಪು ವಿಭಾಗಕ್ಕೆ ಹೋದ ಅರ್ಜಿ ವರ್ಗಾವಣೆಯಾಗುತ್ತಾ ಒಂದು ಅಧಿವೇಶನ ಕಳೆದುಬಿಡುತ್ತದೆ.

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂಡಿಗೆರೆ ಸುತ್ತ ಖಾಸಗಿ ಬಸ್ಸಿನ ಪಾಲು ದೊಡ್ಡದು. ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಆ ಭಾಗದ ಎಷ್ಟೋ ಮಾರ್ಗಗಳ ಲೆಕ್ಕವೇ ಬದಲಾಯಿತು. ಇಂಥ ಕಡೆ ಪರ್ಮಿಟ್ ಯಾರ ಹೆಸರಿನಲ್ಲಿದೆ, ಪರ್ಮಿಟ್‌ನಲ್ಲಿರುವ ವೇಳೆಗೆ ಬಸ್ಸು ಓಡುತ್ತಿದೆಯೇ ಎಂಬುದು ಮೊದಲ ವಿಷಯ. ಪರ್ಮಿಟ್ ಪಡೆದು ಬಸ್ಸು ಓಡಿಸದಿದ್ದರೆ ದೂರು ಕೊಡಬೇಕಾದದ್ದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ. ಅದರ ಕಾರ್ಯದರ್ಶಿ ಆರ್‌ಟಿಒ. ಡಿಪೋ ಮ್ಯಾನೇಜರ್ ಎದುರು ಎಷ್ಟು ಕೂಗಾಡಿದರೂ ಅಲ್ಲಿ ಏನೂ ಆಗುವುದಿಲ್ಲ.

ಎಣಿಕೆ

ಇಡೀ ಕೆಲಸದಲ್ಲಿ ಜನ ಮಾಡದೆ ಬಿಡುವುದು ಇದನ್ನೇ. ‘ಊರಿನ ನೂರಾರು ಜನರಿಗೆ ತೊಂದರೆಯಾಗಿದೆ’ ಎಂಬ ಸಾಲಿಗೆ ಡಿಪೋದಲ್ಲಿ ಮೂರು ಕಾಸಿನ ಬೆಲೆ ಇಲ್ಲ. ಅವರ ಬಳಿ ಟಿಕೆಟ್ ಯಂತ್ರದ ಲೆಕ್ಕವಿದೆ, ಯಾವ ಟ್ರಿಪ್ಪಿನಲ್ಲಿ ಯಾವ ಸ್ಟೇಜಿನಿಂದ ಎಷ್ಟು ಟಿಕೆಟ್ ಹರಿದಿದೆ ಎಂದು ತೋರಿಸುತ್ತದೆ. ಆದರೆ ಆಟೊ, ಜೀಪು, ಪಿಕಪ್ ಹತ್ತಿ ಹೋದವರು ಅದರಲ್ಲಿಲ್ಲ. ನೀವು ಎಣಿಸಬೇಕಾದದ್ದು ಅವರನ್ನೇ.

ಮೂರು ದಿನ ಆರಿಸಿಕೊಳ್ಳಿ: ಒಂದು ಸೋಮವಾರ, ಒಂದು ಸಂತೆಯ ದಿನ, ಒಂದು ಶನಿವಾರ. ಬೆಳಿಗ್ಗೆ 6ರಿಂದ 10, ಮಧ್ಯಾಹ್ನ 3:30ರಿಂದ 7. ಇಬ್ಬರು ಕೂತರೆ ಸಾಕು. ಹಾಳೆಯಲ್ಲಿ ಹೊತ್ತು, ಎಲ್ಲಿಗೆ, ಗಂಡಸರು, ಹೆಂಗಸರು, ವಿದ್ಯಾರ್ಥಿಗಳು, ಯಾವ ಗಾಡಿ, ಎಷ್ಟು ಕೊಟ್ಟರು ಎಂಬ ಕಲಂಗಳಿರಲಿ. ಕಾಫಿ ಸೀಮೆಯಾದರೆ ಎಣಿಕೆಯ ತಿಂಗಳೂ ಮುಖ್ಯ. ಅರೇಬಿಕಾ ಹಣ್ಣು ಬಿಡಿಸುವುದು ಹೆಚ್ಚುಕಡಿಮೆ ನವೆಂಬರ್‌ನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್. ಜೂನ್ ಮಳೆಯಲ್ಲಿ ಎಣಿಸಿದರೆ ಸ್ಟಾಪಿನಲ್ಲಿ ಯಾರೂ ಇರುವುದಿಲ್ಲ. ಕೊಯ್ಲಿನ ಕಾಲದ ಅಂಕಿ ಹಿಡಿದು ‘ನವೆಂಬರ್‌ನಿಂದ ಮಾರ್ಚ್‌ವರೆಗಾದರೂ ಒಂದು ಬೆಳಗಿನ ಟ್ರಿಪ್’ ಎಂದು ಕೇಳಿದರೆ, ವರ್ಷವಿಡೀ ಓಡುವ ಶೆಡ್ಯೂಲ್ ಕೇಳಿದ್ದಕ್ಕಿಂತ ಒಪ್ಪಿಸುವುದು ಸುಲಭ. ಆಲೂಗಡ್ಡೆ, ಶುಂಠಿ ಬೆಳೆಯುವ ಹಾಸನ ಕಡೆಯ ಊರುಗಳವರು ತಮ್ಮ ಕಟಾವಿನ ತಿಂಗಳನ್ನು ಹೀಗೆಯೇ ಹಿಡಿಯಬಹುದು.

ಅಂಕಿ ಉಬ್ಬಿಸಬೇಡಿ. ಡಿಪೋದವರು ಒಂದು ದಿನ ಬಂದು ನೋಡಿ ಅರ್ಧ ಜನ ಕಂಡರೆ ಇಡೀ ಎಣಿಕೆಯೇ ಸುಳ್ಳೆಂದು ಬರೆಯುತ್ತಾರೆ.

ಎಣಿಕೆಯನ್ನು ಅವರ ಲೆಕ್ಕಕ್ಕೆ ಇಳಿಸಿ. ಡಿಪೋದಲ್ಲಿ ಎಲ್ಲವೂ ಇಪಿಕೆಎಂ, ಅಂದರೆ ಕಿಲೋಮೀಟರಿಗೆ ಎಷ್ಟು ಆದಾಯ ಎಂಬುದರ ಮೇಲೆ ನಡೆಯುತ್ತದೆ. ಉದಾಹರಣೆಗೆ ಹೋಗಿಬರುವ 36 ಕಿ.ಮೀ. ಟ್ರಿಪ್ಪಿಗೆ ಒಂದೊಂದು ಕಡೆ 25 ಜನ, ಸರಾಸರಿ 20 ರೂಪಾಯಿ ಟಿಕೆಟ್ ಎಂದರೆ 1000 ರೂಪಾಯಿ, ಕಿ.ಮೀ.ಗೆ 27 ರೂಪಾಯಿ ಚಿಲ್ಲರೆ. ಇದನ್ನು ಅದೇ ವಿಭಾಗದ ಈಗಿನ ಸರಾಸರಿಯ ಪಕ್ಕದಲ್ಲಿಟ್ಟು ತೋರಿಸಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಶೂನ್ಯ ಟಿಕೆಟ್ಟಿನ ಮೌಲ್ಯವನ್ನು ಸರ್ಕಾರ ನಿಗಮಕ್ಕೆ ಭರಿಸಬೇಕು, ಆದ್ದರಿಂದ ಅದೂ ಲೆಕ್ಕಕ್ಕೆ ಸೇರಬೇಕು. ಆದರೆ ಒಂದು ಷರತ್ತು: ಟಿಕೆಟ್ ಹರಿದಿರಬೇಕು. ‘ಫ್ರೀ ತಾನೆ, ಟಿಕೆಟ್ ಯಾಕೆ’ ಎಂದು ಸುಮ್ಮನೆ ಕೂತವರು ದಾಖಲೆಯಲ್ಲಿ ಪ್ರಯಾಣಿಕರೇ ಅಲ್ಲ. ಬಸ್ಸು ತುಂಬಿ ಓಡುತ್ತಿದ್ದರೂ ಕಾಗದದಲ್ಲಿ ಖಾಲಿ ಓಡಿದ ಟ್ರಿಪ್ಪನ್ನು ಕಿತ್ತುಹಾಕುವಾಗ ಯಾರೂ ಬಸ್ಸಿನೊಳಗೆ ಇಣುಕಿ ನೋಡುವುದಿಲ್ಲ.

ಏನು ಕೇಳಬೇಕು

ಹೊಸ ಬಸ್ಸು ಕೇಳುವ ಮೊದಲು ಇರುವ ಟ್ರಿಪ್ಪಿನ ವಿಸ್ತರಣೆ ಸಾಧ್ಯವೇ ನೋಡಿ. ಹೊಸ ಶೆಡ್ಯೂಲಿಗೆ ಒಂದು ಬಸ್ಸು, ಚಾಲಕ, ನಿರ್ವಾಹಕ, ಅವರ ವಾರದ ರಜೆಗೆ ಬದಲಿ ಎಲ್ಲ ಬೇಕು. ಮುಖ್ಯರಸ್ತೆಯ ಕೈಮರದಲ್ಲೇ ತಿರುಗಿಹೋಗುವ ಬಸ್ಸು 6 ಕಿ.ಮೀ. ಒಳಗೆ ಬಂದುಹೋಗಲು ಮಲೆನಾಡಿನ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ಲೆಕ್ಕದಲ್ಲಿ 36 ನಿಮಿಷ, ತಿರುಗಿಸಲು ಐದು ನಿಮಿಷ ಸಾಕು. ಆ 41 ನಿಮಿಷ ಎಲ್ಲಿಂದ ಬರಬೇಕು ಎಂಬುದನ್ನೂ ನೀವೇ ತೋರಿಸಿ: ಯಾವ ಟ್ರಿಪ್ಪಿನ ನಂತರ ಬಸ್ಸು ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತಿರುತ್ತದೆ ಎಂದು ವೇಳಾಪಟ್ಟಿ ನೋಡಿ ಹೇಳಿ. ಕಾರ್ಮಿಕ ಕಾನೂನಿನ ಪ್ರಕಾರ ದಿನದ ದುಡಿಮೆ 8 ಗಂಟೆ. ವಿಸ್ತರಣೆಯಿಂದ ಅದು ಮೀರಿದರೆ ಓಟಿ ಕೊಡಬೇಕಾಗುತ್ತದೆ, ಡಿಪೋದವರು ಅಲ್ಲೇ ಕೈಚೆಲ್ಲುತ್ತಾರೆ.

ಬೆಳಗಿನ ಮೊದಲ ಬಸ್ಸು ಬೇಕಾದವರಿಗೆ ನೈಟ್ ಹಾಲ್ಟ್‌ನಷ್ಟು ಒಳ್ಳೆಯ ಉಪಾಯ ಇಲ್ಲ. ಸಂಜೆ ಬಂದ ಬಸ್ಸು ಊರಲ್ಲೇ ತಂಗಿ ಬೆಳಿಗ್ಗೆ ಹೊರಟರೆ ಡಿಪೋದಿಂದ ಖಾಲಿ ಓಡಿ ಬರುವ ಕಿಲೋಮೀಟರ್ ಉಳಿಯುತ್ತದೆ. ಇದು ಎಷ್ಟೋ ಕಡೆ ಮುರಿದುಬೀಳುವುದು ದೊಡ್ಡ ನೀತಿಯ ಕಾರಣಕ್ಕಲ್ಲ, ಸಿಬ್ಬಂದಿಗೆ ಮಲಗಲು ಜಾಗವಿಲ್ಲದ ಕಾರಣಕ್ಕೆ. ಸೋರದ ಒಂದು ಕೋಣೆ, ಬಚ್ಚಲು, ಕರೆಂಟು, ಬಸ್ಸು ನಿಲ್ಲಿಸಲು ಗಟ್ಟಿ ನೆಲ ಇಷ್ಟನ್ನು ಪಂಚಾಯಿತಿ ಒದಗಿಸುತ್ತದೆ ಎಂದು ಠರಾವಿನಲ್ಲೇ ಬರೆಸಿ.

ರಸ್ತೆಯ ಮಾತು ಚಿಕ್ಕದು, ಆದರೆ ಅರ್ಜಿ ಬಿದ್ದುಹೋಗುವುದು ಅಲ್ಲೂ. ಬಸ್ಸಿನ ಅಗಲ ಎರಡೂವರೆ ಮೀಟರ್ ಮೇಲೆ, ಉದ್ದ 11–12 ಮೀಟರ್, ಜನ ತುಂಬಿದಾಗ ತೂಕ ಸುಮಾರು 15 ಟನ್. ಒಂದೇ ಸುತ್ತಿಗೆ ತಿರುಗಲು 20ರಿಂದ 24 ಮೀಟರ್ ಅಡ್ಡಳತೆಯ ಜಾಗ ಬೇಕು. ಅಷ್ಟಿಲ್ಲದಿದ್ದರೆ ರಿವರ್ಸ್ ಹಾಕಲು ಒಂದು ಕವಲಾದರೂ ಬೇಕು. ಸಮೀಕ್ಷೆಗೆ ಬರುವವರು ನೋಡುವುದು ಮೋರಿಗಳ ಗಟ್ಟಿತನ, ತಗ್ಗಿದ ವಿದ್ಯುತ್ ತಂತಿ, ರಸ್ತೆಗೆ ಬಾಗಿದ ಕೊಂಬೆ, ಎದುರಿಗೆ ಗಾಡಿ ಬಂದರೆ ಸರಿಯಲು ಜಾಗ. ರಸ್ತೆ ಬಸ್ಸಿಗೆ ಯೋಗ್ಯ ಎಂದು ಲೋಕೋಪಯೋಗಿ ಅಥವಾ ಪಂಚಾಯತ್ ರಾಜ್ ಎಂಜಿನಿಯರಿಂದ ಪತ್ರ ಪಡೆದಿಟ್ಟುಕೊಳ್ಳಿ. ಕೊಂಬೆ ಕಡಿಸುವುದನ್ನು ಸಮೀಕ್ಷೆಗೆ ಮುಂಚೆಯೇ ಮಾಡಿಸಿ.

ಕಾಗದ ಕಟ್ಟುವುದು

ಗ್ರಾಮಸಭೆಯಲ್ಲಿ ವಿಷಯ ತಂದು, ಪಂಚಾಯಿತಿ ಸಭೆಯಲ್ಲಿ ಠರಾವು ಮಾಡಿಸಿ, ಪಿಡಿಒ ಸಹಿಯ ದೃಢೀಕೃತ ನಕಲು ಪಡೆಯಿರಿ. ಎಣಿಕೆಯ ಹಾಳೆ, ಮಾರ್ಗದ ಕೈನಕ್ಷೆ, ರಸ್ತೆಯ ಪತ್ರ ಸೇರಿಸಿ ಡಿಪೋ ಮ್ಯಾನೇಜರಿಗೂ ವಿಭಾಗೀಯ ನಿಯಂತ್ರಣಾಧಿಕಾರಿಗೂ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಶಾಸಕರ ಅಧ್ಯಕ್ಷತೆಯ ತಾಲ್ಲೂಕು ಕೆಡಿಪಿ (ಇಲಾಖೆಗಳ ಪ್ರಗತಿ ಪರಿಶೀಲನೆಯ) ಸಭೆಗೆ ಡಿಪೋದವರೂ ಬರುತ್ತಾರೆ. ಅಲ್ಲಿನ ನಡವಳಿಯಲ್ಲಿ ನಿಮ್ಮ ಊರಿನ ಹೆಸರು ಒಮ್ಮೆ ಬಂದರೆ ಮುಂದಿನ ಸಭೆಯಲ್ಲಿ ಅನುಪಾಲನೆ ಏನಾಯಿತು ಎಂದು ಕೇಳಬಹುದು. ಎಷ್ಟೋ ಊರುಗಳ ಕೆಲಸ ಇಲ್ಲೇ ಆಗಿಬಿಡುವಂಥದ್ದು, ಸದನದವರೆಗೆ ಹೋಗಬೇಕಾಗಿಯೇ ಇಲ್ಲ.

ಟ್ರಿಪ್ ಇದ್ದೂ ಬರುತ್ತಿಲ್ಲ ಎಂದಾದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಮಾರ್ಗದ ಹೆಸರು ಹಾಕಿ ‘ಕಳೆದ ಆರು ತಿಂಗಳಲ್ಲಿ ರದ್ದಾದ ಟ್ರಿಪ್‌ಗಳ ತಿಂಗಳುವಾರು ಪಟ್ಟಿ ಮತ್ತು ಈ ಮಾರ್ಗದ ಇಪಿಕೆಎಂ’ ಎಂದಷ್ಟೇ ಕೇಳಿದರೆ ಸಾಕು.

ಪ್ರಶ್ನೆ ಬರೆಯುವುದು

ಹಾಸನ ಜಿಲ್ಲೆಯಿಂದ 7, ಚಿಕ್ಕಮಗಳೂರಿನಿಂದ 5 ಶಾಸಕರು 224 ಸದಸ್ಯರ ಸಭೆಯಲ್ಲಿದ್ದಾರೆ. ನಿಮ್ಮ ಶಾಸಕರು ಸಚಿವರಾಗಿದ್ದರೆ ಅವರು ಪ್ರಶ್ನೆ ಕೇಳುವಂತಿಲ್ಲ. ಆಗ ವಿಧಾನ ಪರಿಷತ್ತಿನ ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಸದಸ್ಯರನ್ನು ಹಿಡಿಯಿರಿ. ಅವರಿಗೆ ಮತ ಹಾಕುವವರಲ್ಲಿ ಗ್ರಾಮ ಪಂಚಾಯಿತಿ ಸದಸ್ಯರೂ ಇದ್ದಾರೆ, ಪಂಚಾಯಿತಿಯ ಠರಾವಿಗೆ ಅವರಲ್ಲಿರುವ ಮರ್ಯಾದೆ ಬೇರೆಯೇ.

ಪ್ರಶ್ನೆಯ ಸೂಚನೆ ಅಧಿವೇಶನಕ್ಕೆ ಸಾಕಷ್ಟು ಮುಂಚೆ ಹೋಗಬೇಕು, ಆದ್ದರಿಂದ ದಿನಾಂಕ ಪ್ರಕಟವಾದ ವಾರದಲ್ಲೇ ಶಾಸಕರ ಆಪ್ತ ಸಹಾಯಕರ ಕೈಗೆ ಕರಡು ಕೊಡಿ. ಬರಿ ಮನವಿ ಕೊಟ್ಟರೆ ಅದನ್ನು ಪ್ರಶ್ನೆಯಾಗಿಸುವ ಪುರುಸೊತ್ತು ಅಲ್ಲಿ ಯಾರಿಗೂ ಇರುವುದಿಲ್ಲ. ಕರಡು ಹೀಗಿರಲಿ:

ಅ) ಬೇಲೂರು ತಾಲ್ಲೂಕಿನ …… ಮಾರ್ಗದಲ್ಲಿ ಮಂಜೂರಾಗಿರುವ ಟ್ರಿಪ್‌ಗಳೆಷ್ಟು; ಪ್ರಸ್ತುತ ಕಾರ್ಯಾಚರಣೆಯಲ್ಲಿರುವುದೆಷ್ಟು;
ಆ) ಕಳೆದ ಆರು ತಿಂಗಳಲ್ಲಿ ಸದರಿ ಮಾರ್ಗದಲ್ಲಿ ರದ್ದಾದ ಟ್ರಿಪ್‌ಗಳೆಷ್ಟು; ಕಾರಣಗಳೇನು (ತಿಂಗಳುವಾರು ವಿವರ ನೀಡುವುದು);
ಇ) ಸದರಿ ಮಾರ್ಗವನ್ನು …… ಗ್ರಾಮದವರೆಗೆ ವಿಸ್ತರಿಸಲು …… ಗ್ರಾಮ ಪಂಚಾಯಿತಿಯು ದಿನಾಂಕ …… ರಂದು ಸಲ್ಲಿಸಿರುವ ಮನವಿಯ ಮೇಲೆ ಕೈಗೊಂಡ ಕ್ರಮವೇನು; ಮಾರ್ಗ ಸಮೀಕ್ಷೆ ಯಾವಾಗ ನಡೆಸಲಾಯಿತು;
ಈ) ಯಾವ ಕಾಲಮಿತಿಯೊಳಗೆ ಬಸ್ ಸೌಲಭ್ಯ ಕಲ್ಪಿಸಲಾಗುವುದು?

ರೂಢಿಯ ‘ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದಲ್ಲಿ…’ ಎಂಬ ಸರಪಳಿ ಬೇಡ. ಮೊದಲ ಕೊಂಡಿಗೆ ‘ಬಂದಿರುವುದಿಲ್ಲ’ ಎಂದರೆ ಉಳಿದದ್ದಕ್ಕೆಲ್ಲ ‘ಉದ್ಭವಿಸುವುದಿಲ್ಲ’ ಎಂದು ಬರೆದು ಮುಗಿಸುತ್ತಾರೆ. ಪ್ರತಿ ಭಾಗವೂ ತಾನೇ ನಿಲ್ಲುವಂತಿರಬೇಕು, ಮನವಿಯ ದಿನಾಂಕ ಇರಲೇಬೇಕು. ರಸ್ತೆ ಡಾಂಬರು, ಶಾಲೆಯ ವೇಳೆ ಇವನ್ನು ಇದೇ ಪ್ರಶ್ನೆಗೆ ತುರುಕಬೇಡಿ. ಅವು ಬೇರೆ ಇಲಾಖೆಯವು, ಬೇರೆ ಪ್ರಶ್ನೆಯಾಗಲಿ.

ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲೇ ಉತ್ತರ, ಮೇಲೆ ಉಪಪ್ರಶ್ನೆಗೂ ಅವಕಾಶ. ಆದರೆ ಸರದಿ ಬರುವುದು ಅದೃಷ್ಟ. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ, ಅನುಬಂಧದಲ್ಲಿ ಪಟ್ಟಿಗಳೂ ಬರುತ್ತವೆ. ಮೊದಲು ಚುಕ್ಕೆ ಇಲ್ಲದ್ದು, ಮುಂದಿನ ಅಧಿವೇಶನದಲ್ಲಿ ಅದೇ ಅಂಕಿಗಳನ್ನು ಹಿಡಿದು ಚುಕ್ಕೆ ಇರುವುದು, ಇದು ಒಳ್ಳೆಯ ಕ್ರಮ. ಹಲವು ಊರುಗಳ ಸಮಸ್ಯೆಯಾದರೆ ವಿಧಾನಸಭೆಯಲ್ಲಿ ನಿಯಮ 73ರ ಗಮನ ಸೆಳೆಯುವ ಸೂಚನೆ, ಪರಿಷತ್ತಿನಲ್ಲಾದರೆ ನಿಯಮ 72. ಶೂನ್ಯವೇಳೆಯ ಭಾಷಣ ಪೇಪರಿನಲ್ಲಿ ಚೆನ್ನಾಗಿ ಬರುತ್ತದೆ, ಅಷ್ಟೆ.

ಬಜೆಟ್ ಅಧಿವೇಶನದಲ್ಲಿ ಇಲಾಖೆಗಳ ಅನುದಾನದ ಬೇಡಿಕೆಗಳ ಚರ್ಚೆಗೆ ಶಾಸಕರಿಗೆ ಬೇರೆಯದೇ ಟಿಪ್ಪಣಿ ಬೇಕು, ಅರ್ಧ ಪುಟ ಮೀರದಂತೆ. ಅಲ್ಲಿ ಬಸ್ಸಿಗಿಂತ ದುಡಿಮೆಯ ಲೆಕ್ಕ ಮುಂದೆ ಬರಲಿ. ಕೂಲಿಯವರು 8 ಗಂಟೆಗೆ ತೋಟದಲ್ಲಿರಬೇಕು, ಮೊದಲ ಬಸ್ಸು ಎಷ್ಟಕ್ಕೆ? ಪಿಕಪ್ಪಿಗೆ ದಿನಕ್ಕೆ ಎಷ್ಟು ಹೋಗುತ್ತದೆ, ತಿಂಗಳಿಗೆ ಕೂಲಿಯಲ್ಲಿ ಅದು ಎಷ್ಟು ಪಾಲು? ಸಾಮಾನಿನ ಗಾಡಿಯಲ್ಲಿ ಜನ ಹೋಗುವಾಗ ಅಪಘಾತವಾದರೆ ವಿಮೆ ಸಿಗುವುದು ಕಷ್ಟ ಎಂಬುದನ್ನೂ ಸೇರಿಸಿ. ಗಾಡಿಗೆ ಕೊಟ್ಟ ಹಣದ ಅಂಕಿ ನಿಮ್ಮ ಎಣಿಕೆ ಹಾಳೆಯಲ್ಲೇ ಇದೆ.

ಉತ್ತರ ಬಂದ ಮೇಲೆ

ಪ್ರಶ್ನೋತ್ತರದ ಪ್ರತಿ ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತದೆ. ಮುದ್ರಿಸಿಕೊಂಡು ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ‘ಕ್ರಮ ಕೈಗೊಳ್ಳಲಾಗುವುದು’ ಎಂದಿದ್ದರೆ ಅದು ಭರವಸೆ, ನೆರವೇರದಿದ್ದರೆ ಸರ್ಕಾರಿ ಭರವಸೆಗಳ ಸಮಿತಿಗೆ ಬರೆಯುವಂತೆ ಶಾಸಕರನ್ನು ಕೇಳಿ. ‘ಲಭ್ಯತೆಗೆ ಅನುಗುಣವಾಗಿ ಪರಿಶೀಲಿಸಲಾಗುವುದು’ ಎಂದಿದ್ದರೆ ಆ ಲಭ್ಯತೆಯೇ ಮುಂದಿನ ಪ್ರಶ್ನೆ: ಡಿಪೋದಲ್ಲಿ ಮಂಜೂರಾದ ಚಾಲಕ ಹುದ್ದೆಗಳೆಷ್ಟು, ಖಾಲಿ ಎಷ್ಟು, ಓಡುವ ಸ್ಥಿತಿಯಲ್ಲಿರುವ ಬಸ್ಸುಗಳೆಷ್ಟು?

ಉತ್ತರದ ಪ್ರತಿ ಹಿಡಿದು ಮತ್ತೆ ಡಿಪೋಗೆ ಹೋಗಿ. ಅವರೇ ಬರೆದದ್ದು ಸಚಿವರ ಹೆಸರಿನಲ್ಲಿ ಅಚ್ಚಾಗಿ ಬಂದಿರುವುದರಿಂದ ಈ ಸಲ ಮಾತಿನ ಧಾಟಿ ಬದಲಾಗಿರುತ್ತದೆ. ಬಸ್ಸು ಶುರುವಾದರೆ ಮೊದಲ ಮೂರು ತಿಂಗಳ ಲೆಕ್ಕವೇ ಅದರ ಹಣೆಬರಹ. ಹೆಂಗಸರು ಶೂನ್ಯ ಟಿಕೆಟ್ ಕೇಳಿ ಪಡೆಯಲಿ, ಬಸ್ಸು ಬಾರದ ದಿನವನ್ನು ಹಾಲಿನ ಡೇರಿಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ತಿಂಗಳ ಕೊನೆಗೆ ಅದರ ಫೋಟೋ ಡಿಪೋ ಮ್ಯಾನೇಜರ್ ವಾಟ್ಸಾಪಿಗೆ ಹೋಗಲಿ.